ಶಿಲೀಂಧ್ರ ಹೊರಬಿಡುವ ಪ್ರೊಟೀನ್: ಗುರಿ ಗಿಡವೊಂದೇ ಅಲ್ಲ

ಶಿಲೀಂಧ್ರಕ್ಕೆ ಬಾಯಿಲ್ಲ, ಹೊಟ್ಟೆಯೂ ಇಲ್ಲ. ಅದು ಆಹಾರವನ್ನು ಮೈಯ ಹೊರಗೇ ಕರಗಿಸಿ, ಆಮೇಲೆ ಹೀರಿಕೊಳ್ಳುತ್ತದೆ. ಹಾಗಾಗಿ ಅದರ ಎಳೆಗಳ ತುದಿಯಿಂದ ಪ್ರೊಟೀನ್‌ಗಳು ಸದಾ ಹೊರಗೆ ಬರುತ್ತಲೇ ಇರುತ್ತವೆ. ಇವುಗಳಲ್ಲಿ ಬಹಳಷ್ಟು ಎಲೆ, ಬೇರು, ಮರವನ್ನು ಕರಗಿಸುವ ಕಿಣ್ವಗಳು. ಆದರೆ ಏನನ್ನೂ ಕರಗಿಸದ ಪುಟ್ಟ ಪುಟ್ಟ ಪ್ರೊಟೀನ್‌ಗಳೂ ಇವೆ. ಅವು ಯಾಕಿವೆ ಅನ್ನುವುದು ಗೊತ್ತಾಗಲು ತುಂಬಾ ವರ್ಷ ಬೇಕಾಯಿತು.

ಮೊದಲ ಸುಳಿವು ಸಿಕ್ಕಿದ್ದು ಪ್ರೊಟೀನ್‌ನಿಂದ ಅಲ್ಲ, ತಳಿಗಳಿಂದ. 1940ರ ದಶಕದಲ್ಲಿ ಅಮೆರಿಕದ ನಾರ್ತ್ ಡಕೋಟಾದಲ್ಲಿ ಹೆರಾಲ್ಡ್ ಫ್ಲೋರ್ ಅಗಸೆ ಗಿಡದ ತುಕ್ಕು ರೋಗವನ್ನು ಅಭ್ಯಾಸ ಮಾಡುತ್ತಿದ್ದರು. ಬೇರೆಯವರು ಗಿಡದ ತಳಿಗಳನ್ನಷ್ಟೇ ಕೂಡಿಸಿ ನೋಡುತ್ತಿದ್ದರೆ, ಫ್ಲೋರ್ ರೋಗ ತರುವ ಶಿಲೀಂಧ್ರದ ತಳಿಗಳನ್ನೂ ಕೂಡಿಸಿ ನೋಡಿದರು. ಗಿಡದಲ್ಲಿ ರೋಗ ತಡೆಯುವ ಒಂದು ಜೀನ್ ಇದ್ದರೆ, ಅದಕ್ಕೆ ಜೋಡಿಯಾಗಿ ಶಿಲೀಂಧ್ರದಲ್ಲೂ ಒಂದು ಜೀನ್ ಇರುತ್ತದೆ ಎಂದು ಅವರು ಕಂಡುಕೊಂಡರು. ಎರಡೂ ಎದುರಾದಾಗ ಮಾತ್ರ ಗಿಡ ರೋಗವನ್ನು ತಡೆಯುತ್ತದೆ. ಅಂದರೆ ಶಿಲೀಂಧ್ರದ ಯಾವುದೋ ಒಂದು ಗುರುತನ್ನು ಗಿಡ ಹಿಡಿಯುತ್ತಿದೆ. ಆ ಗುರುತು ಯಾವುದು?

ಉತ್ತರ ಬಂದದ್ದು ಟೊಮೇಟೊದಿಂದ. ಅದರ ಎಲೆಗೆ ಬೂಷ್ಟು ಹಿಡಿಸುವ ಒಂದು ಶಿಲೀಂಧ್ರವಿದೆ. ಅದು ಗಿಡದ ಜೀವಕೋಶಗಳ ಒಳಗೆ ಹೋಗುವುದಿಲ್ಲ, ಅವುಗಳ ನಡುವಿನ ಸಂದಿಯಲ್ಲೇ ಬೆಳೆಯುತ್ತದೆ. ನೆದರ್ಲೆಂಡ್ಸ್‌ನ ವಾಗೆನಿಂಗನ್‌ನಲ್ಲಿ ಪಿಯೆರ್ ಡಿ ವಿಟ್ ಮತ್ತು ಜೊತೆಗಾರರು ರೋಗ ತಗುಲಿದ ಎಲೆಗಳ ಸಂದಿಯಲ್ಲಿದ್ದ ದ್ರವವನ್ನು ಹೊರತೆಗೆದರು. ಅದನ್ನು ರೋಗ ತಡೆಯುವ ಗಿಡದ ಎಲೆಗೆ ಚುಚ್ಚಿದರು. ಶಿಲೀಂಧ್ರವೇ ಇಲ್ಲದಿದ್ದರೂ ಚುಚ್ಚಿದ ಜಾಗ ಸುಟ್ಟ ಹಾಗೆ ಸತ್ತುಹೋಯಿತು. ಶತ್ರು ಬಂದ ಅಂದುಕೊಂಡು ಗಿಡ ತನ್ನದೇ ಜೀವಕೋಶಗಳನ್ನು ಬಲಿ ಕೊಟ್ಟಿತ್ತು. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ಸರಳ, ಆದರೆ ಸಂಶಯಕ್ಕೆ ಜಾಗವಿಲ್ಲ. 1991ರಲ್ಲಿ ಆ ದ್ರವದಲ್ಲಿದ್ದ ಒಂದು ಪ್ರೊಟೀನ್‌ನ ಜೀನ್ ಕೈಗೆ ಸಿಕ್ಕಿತು. ಎವಿಆರ್9 ಎಂಬ ಆ ಪ್ರೊಟೀನ್‌ನ ಉದ್ದ ಬರೀ 28 ಅಮೈನೋ ಆಮ್ಲ. ಗಿಡದ ಕಣ್ಣು ತಪ್ಪಿಸುವ ಶಿಲೀಂಧ್ರ ತಳಿಗಳಲ್ಲಿ ಆ ಜೀನೇ ಇರಲಿಲ್ಲ.

ತನ್ನನ್ನೇ ಹಿಡಿದುಕೊಡುವ ಪ್ರೊಟೀನನ್ನು ಶಿಲೀಂಧ್ರ ಸುಮ್ನೆ ಯಾಕೆ ತಯಾರಿಸುತ್ತದೆ? ಇದು ಅರ್ಥವಾಗಲು ಕೈಟಿನ್ ಬಗ್ಗೆ ಸ್ವಲ್ಪ ತಿಳಿದಿರಬೇಕು. ಶಿಲೀಂಧ್ರದ ಜೀವಕೋಶಗಳ ಗೋಡೆಯಲ್ಲಿ ಕೈಟಿನ್ ಎಂಬ ಗಟ್ಟಿ ಪದಾರ್ಥ ಇದೆ, ಗಿಡದಲ್ಲಿ ಇಲ್ಲ. ಗಿಡ ಕೈಟಿನ್ ಕತ್ತರಿಸುವ ಕಿಣ್ವಗಳನ್ನು ಬಿಡುತ್ತದೆ. ಗೋಡೆಯಿಂದ ಉದುರಿದ ಚೂರುಗಳು ಸಿಕ್ಕಿದ ಕೂಡಲೇ ಎಚ್ಚರವಾಗುತ್ತದೆ. ಟೊಮೇಟೊ ಶಿಲೀಂಧ್ರದ ಎವಿಆರ್4 ಎಂಬ ಪ್ರೊಟೀನ್ ಗೋಡೆಗೆ ಅಂಟಿಕೊಂಡು ಗುರಾಣಿಯಾಗುತ್ತದೆ. ಇಸಿಪಿ6 ಎಂಬ ಇನ್ನೊಂದು, ಉದುರಿದ ಚೂರುಗಳನ್ನು ಗಿಡಕ್ಕೆ ಸಿಗದ ಹಾಗೆ ಬಾಚಿಕೊಳ್ಳುತ್ತದೆ. ಇದು 2010ರಲ್ಲಿ ಖಚಿತವಾಯಿತು. ಇಂಥ ಪ್ರೊಟೀನ್‌ಗಳಿಗೆ ಈಗ ಎಫೆಕ್ಟರ್ ಎಂದು ಹೆಸರು.

ಆಮೇಲೆ ಜೀನೋಮ್‌ಗಳ, ಅಂದರೆ ಒಂದು ಜೀವಿಯ ಎಲ್ಲ ಜೀನ್‌ಗಳನ್ನೂ ಒಟ್ಟಿಗೆ ಓದುವ ಕಾಲ ಬಂತು. ಜೀವಕೋಶದಿಂದ ಹೊರಗೆ ಹೋಗಬೇಕಾದ ಪ್ರೊಟೀನ್‌ನ ಆರಂಭದಲ್ಲಿ ಸಾಮಾನ್ಯವಾಗಿ ವಿಳಾಸದ ಚೀಟಿಯಂಥ ಒಂದು ತುಣುಕು ಇರುತ್ತದೆ. ಅದನ್ನು ತೋರಿಸಿಕೊಟ್ಟ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂದಿತ್ತು. ಆ ಚೀಟಿಯನ್ನು ಹುಡುಕಿದರೆ ಹೊರಹೋಗುವ ಪ್ರೊಟೀನ್‌ಗಳ ಪಟ್ಟಿಯೇ ಸಿಗುತ್ತದೆ. 2006ರಲ್ಲಿ ಮೆಕ್ಕೆಜೋಳದ ಕಾಡಿಗೆ ರೋಗದ ಶಿಲೀಂಧ್ರದಲ್ಲಿ ಹೀಗೆ ಹುಡುಕಿದಾಗ, ಇಂಥ ಜೀನ್‌ಗಳು ಅಲ್ಲಲ್ಲಿ ಗುಂಪುಗುಂಪಾಗಿ ಕಂಡವು. ಕೆಲವು ಗುಂಪುಗಳನ್ನು ತೆಗೆದುಹಾಕಿದಾಗ ರೋಗದ ಜೋರು ಇಳಿಯಿತು.

2011ರಲ್ಲಿ ಒಂದು ಅಚ್ಚರಿ ಕಾದಿತ್ತು. ಪಾಪ್ಲರ್ ಮರದ ಬೇರಿನ ಜೊತೆ ಸ್ನೇಹದಿಂದ ಬಾಳುವ ಒಂದು ಅಣಬೆ ಕೂಡ ಇದೇ ತಂತ್ರ ಬಳಸುತ್ತದೆ ಎಂದು ಗೊತ್ತಾಯಿತು. ಅದರ ಪುಟ್ಟ ಪ್ರೊಟೀನೊಂದು ಬೇರಿನ ಜೀವಕೋಶದ ಕೇಂದ್ರದವರೆಗೂ ಹೋಗುತ್ತದೆ. ಅಲ್ಲಿ ಮರದ ರಕ್ಷಣಾ ಸೂಚನೆಗಳನ್ನು ತಗ್ಗಿಸುತ್ತದೆ. ಸ್ನೇಹಕ್ಕೂ ಮೊದಲು ಬಾಗಿಲು ತೆರೆಯಬೇಕು, ಅಲ್ವಾ?

ಇಷ್ಟೆಲ್ಲ ನಡೆಯುವಾಗ ಎಲ್ಲರ ಗಮನವೂ ಗಿಡದ ಮೇಲೆಯೇ ಇತ್ತು. ಇದು ದೊಡ್ಡ ಕೊರತೆ ಎಂದೇ ನನಗೆ ಅನ್ನಿಸುತ್ತದೆ. ಮಣ್ಣಿನಲ್ಲಾಗಲಿ ಎಲೆಯ ಮೇಲಾಗಲಿ ಯಾವ ಶಿಲೀಂಧ್ರವೂ ಒಂಟಿಯಲ್ಲ. ಸುತ್ತ ಬ್ಯಾಕ್ಟೀರಿಯಾ, ಬೇರೆ ಶಿಲೀಂಧ್ರಗಳು ತುಂಬಿರುತ್ತವೆ. ಟ್ರೈಕೊಡರ್ಮಾ ಎಂಬ ಶಿಲೀಂಧ್ರ ಬೇರೆ ಶಿಲೀಂಧ್ರಗಳನ್ನೇ ತಿನ್ನುತ್ತದೆ ಎಂದು 1932ರಲ್ಲೇ ವೈಂಡ್ಲಿಂಗ್ ಎಂಬ ವಿಜ್ಞಾನಿ ವರದಿ ಮಾಡಿದ್ದರು. ಅದು ಎದುರಾಳಿಯ ಎಳೆಗೆ ಸುತ್ತಿಕೊಂಡು, ಕಿಣ್ವ ಬಿಟ್ಟು ಗೋಡೆ ಕರಗಿಸುತ್ತದೆ. ಕೆಲವು ಯೀಸ್ಟ್‌ಗಳು ಪಕ್ಕದ ಯೀಸ್ಟ್‌ಗಳನ್ನು ಕೊಲ್ಲುವ ಪ್ರೊಟೀನ್ ಬಿಡುತ್ತವೆ ಎಂಬುದೂ 1963ರಲ್ಲೇ ಗೊತ್ತಾಗಿತ್ತು. ಆದರೆ ಈ ಎರಡು ಕಥೆಗಳನ್ನು ಎಫೆಕ್ಟರ್ ಕಥೆಯ ಜೊತೆ ಕೂಡಿಸಿ ಓದಿದವರು ಕಡಿಮೆ.

ಅವನ್ನು ಕೂಡಿಸಿದ್ದು ವರ್ಟಿಸಿಲಿಯಮ್. ನೂರಾರು ಬಗೆಯ ಗಿಡಗಳಿಗೆ ಸೊರಗು ರೋಗ ತರುವ ಶಿಲೀಂಧ್ರ ಇದು. ಇದರ ಏವ್1 ಎಂಬ ಎಫೆಕ್ಟರ್ 2012ರಲ್ಲಿ ಸಿಕ್ಕಿತು. ಅದು ಗಿಡಗಳದ್ದೇ ಪ್ರೊಟೀನ್‌ಗಳನ್ನು ಹೋಲುತ್ತದೆ. ಬಹುಶಃ ಯಾವುದೋ ಕಾಲದಲ್ಲಿ ಗಿಡದಿಂದಲೇ ಆ ಜೀನನ್ನು ಪಡೆದಿರಬೇಕು. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂದು ಬಾರ್ಟ್ ಥಾಮಾ ಅವರ ತಂಡ 2020ರಲ್ಲಿ ತೋರಿಸಿತು. ಬೇರಿನ ಸುತ್ತ ತನಗೆ ಅಡ್ಡಬರುವ ಬ್ಯಾಕ್ಟೀರಿಯಾಗಳನ್ನು ಶಿಲೀಂಧ್ರ ಹೀಗೆ ಹಿಂದೆ ಸರಿಸುತ್ತದೆ. ಮರುವರ್ಷವೇ ಅದೇ ತಂಡ ಎಎಮ್‌ಪಿ3 ಎಂಬ ಇನ್ನೊಂದು ಪ್ರೊಟೀನನ್ನು ವಿವರಿಸಿತು. ಇದರ ಗುರಿ ಬೇರೆ ಶಿಲೀಂಧ್ರಗಳು. ಇದು ಬಹಳ ಹಳೆಯ ಪ್ರೊಟೀನ್ ವಂಶಕ್ಕೆ ಸೇರಿದ್ದು. ಸೂಕ್ಷ್ಮಜೀವಿಗಳ ಜಗಳಕ್ಕೆಂದೇ ಹುಟ್ಟಿದ ಆಯುಧ ಆಮೇಲೆ ಗಿಡದೊಳಗಿನ ಬದುಕಿಗೂ ಬಳಕೆಗೆ ಬಂದಿದೆ.

ಎಎಮ್‌ಪಿ3 ಹೊರಬರುವ ಹೊತ್ತನ್ನು ಗಮನಿಸಬೇಕು. ಸೋಂಕು ತಗುಲಿದ ಗಿಡ ಕೊಳೆಯುವಾಗ ವರ್ಟಿಸಿಲಿಯಮ್ ಅದರೊಳಗೆ ಪುಟ್ಟ ಕಪ್ಪು ಗಂಟುಗಳನ್ನು ಕಟ್ಟುತ್ತದೆ. ಅದೇ ಹೊತ್ತಿಗೆ ಕೊಳೆತದ್ದನ್ನು ತಿನ್ನಲು ಬೇರೆ ಶಿಲೀಂಧ್ರಗಳೂ ನುಗ್ಗುತ್ತವೆ. ಈ ಪ್ರೊಟೀನ್ ಹೊರಬರುವುದು ಆಗಲೇ. ಆ ಗಂಟುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿದ್ದು, ಹತ್ತಿರಕ್ಕೆ ಹೊಸ ಬೇರು ಬಂದಾಗ ಮತ್ತೆ ಮೊಳೆಯುತ್ತವೆ.