ಹೃದಯಸ್ನಾಯುವಿಗೆ ಎಷ್ಟು ರಕ್ತ ತಲುಪುತ್ತಿದೆ?

ಆಂಜಿಯೋಗ್ರಾಂನಲ್ಲಿ ಹೃದಯದ ಮೂರು ಮುಖ್ಯ ರಕ್ತನಾಳಗಳಲ್ಲೂ ಅಡಚಣೆ ಕಂಡಿರುವಾಗ, ಹೃದಯಸ್ನಾಯುವಿಗೆ ರಕ್ತ ತಲುಪುವುದನ್ನು ನೋಡಲು ಅದಕ್ಕೆ ಮೊದಲು ಮಾಡಿಸಿದ ನ್ಯೂಕ್ಲಿಯರ್ ಸ್ಕ್ಯಾನ್‌ನ ವರದಿಯಲ್ಲಿ ದೋಷವೇನೂ ಇರಲಿಲ್ಲವಲ್ಲ ಎಂದು ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಬರುವ ರೋಗಿಗಳ ಮನೆಯವರು ಕೇಳುವುದುಂಟು. ಅದು ನ್ಯಾಯವಾದ ಪ್ರಶ್ನೆ.

ಆ ಸ್ಕ್ಯಾನ್‌ನಲ್ಲಿ, ವಿಕಿರಣ ಸೂಸುವ ಥ್ಯಾಲಿಯಂ-201 ಅಥವಾ ಟೆಕ್ನೀಷಿಯಂ-99ಎಂ ಸೇರಿದ ಔಷಧವನ್ನು ಚುಚ್ಚಿದಾಗ ಅದು ರಕ್ತ ಹೆಚ್ಚು ತಲುಪುವ ಸ್ನಾಯುವಿನಲ್ಲಿ ಹೆಚ್ಚಾಗಿಯೂ ಕಡಿಮೆ ತಲುಪುವಲ್ಲಿ ಕಡಿಮೆಯಾಗಿಯೂ ಸೇರಿಕೊಳ್ಳುತ್ತದೆ, ಮತ್ತು ಅಲ್ಲಿಂದ ಹೊರಡುವ ಕಿರಣಗಳನ್ನು ಹಿಡಿದು ಗಾಮಾ ಕ್ಯಾಮೆರಾ ಚಿತ್ರ ಕೊಡುತ್ತದೆ. ಆದರೆ ಚಿತ್ರದಲ್ಲಿ ಅತಿ ಹೆಚ್ಚು ಹೊಳೆಯುವ ಭಾಗವನ್ನೇ ಸರಿಯೆಂದು ಹಿಡಿದು ಉಳಿದುದನ್ನು ಅದರೊಡನೆ ಹೋಲಿಸುವುದು ವಾಡಿಕೆ. ಊರಿನ ಅಡಿಕೆ ತೋಟಗಳೆಲ್ಲ ಒಂದೇ ಸಮ ಒಣಗುತ್ತಿದ್ದರೆ, ತೋಟಕ್ಕೆ ತೋಟ ಹೋಲಿಸುವವರಿಗೆ ಬರ ಕಾಣುವುದಿಲ್ಲ. ಮೂರು ನಾಳಗಳೂ ಸಮನಾಗಿ ಕಿರಿದಾದಾಗ ಸ್ಕ್ಯಾನ್ ತಪ್ಪುವುದು ಹೀಗೆಯೇ.

ವಿಕಿರಣ ಸೂಸುವ ಔಷಧವನ್ನೇ ಬಳಸುವ ಇನ್ನೊಂದು ಬಗೆಯ ಸ್ಕ್ಯಾನ್ ಆದ ಪೆಟ್ ಸ್ಕ್ಯಾನ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ನೈಟ್ರೋಜನ್-13 ಸೇರಿದ ಅಮೋನಿಯಾವನ್ನು ಚುಚ್ಚಿದ ಕ್ಷಣದಿಂದಲೇ ಸಾಲಾಗಿ ಚಿತ್ರಗಳನ್ನು ತೆಗೆದು, ಹೃದಯದ ಎಡ ಕೋಣೆಯ ರಕ್ತದಲ್ಲಿ ವಿಕಿರಣ ಏರಿ ಇಳಿಯುವ ಬಗೆಯನ್ನೂ ಸ್ನಾಯು ಅದನ್ನು ಹೀರಿಕೊಳ್ಳುವ ವೇಗವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಸಿಗುತ್ತಿದೆ ಎಂಬ ಅಂಕಿಯೇ ದೊರೆಯುತ್ತದೆ. ವಿಶ್ರಾಂತಿಯಲ್ಲಿ 1ರ ಆಸುಪಾಸಿನಲ್ಲಿರುವ ಈ ಅಂಕಿ, ಅಡಿನೋಸಿನ್ ಎಂಬ ಔಷಧ ಕೊಟ್ಟು ನಾಳಗಳನ್ನು ಹಿಗ್ಗಿಸಿದಾಗ ಆರೋಗ್ಯವಂತರಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಅಷ್ಟು ಏರದಿದ್ದರೆ, ಆಂಜಿಯೋಗ್ರಾಂನಲ್ಲಿ ದೊಡ್ಡ ನಾಳಗಳು ಚೆನ್ನಾಗಿಯೇ ಕಂಡರೂ, ಕಣ್ಣಿಗೆ ಬೀಳದ ಸಣ್ಣ ನಾಳಗಳ ಕಾಯಿಲೆಯನ್ನು ಸಂದೇಹಿಸಬೇಕು. ಮಧುಮೇಹಿಗಳಲ್ಲಿ ಇದು ಮುಖ್ಯ. ಎದೆನೋವನ್ನು ಬರೀ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಿಸಿಕೊಂಡು ಬಂದವರಿಗೆ ಈ ಅಂಕಿಯ ಬೆಲೆ ದೊಡ್ಡದೆಂದು ನಾನು ನಂಬುತ್ತೇನೆ.

ನೈಟ್ರೋಜನ್-13ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, ಕೇವಲ 10 ನಿಮಿಷವಾದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಇರಬೇಕು. ಬೆಂಗಳೂರಿನಿಂದ ಹೊರಟದ್ದು ಶಿವಮೊಗ್ಗಕ್ಕೆ ಉಳಿದು ಬರುವುದಿಲ್ಲ. ಟೆಕ್ನೀಷಿಯಂನ ಅರ್ಧಾಯುಷ್ಯ 6 ಗಂಟೆ. ಆ ಸ್ಕ್ಯಾನ್ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದಕ್ಕೆ ಇದೂ ಒಂದು ಕಾರಣ.

ಮಲೆನಾಡಿನವರಿಗೆ ಒತ್ತಿ ಹೇಳಬೇಕಾದದ್ದು ಕಾಫಿಯ ವಿಷಯ. ಕೆಫೀನ್ ಅಡಿನೋಸಿನ್‌ನ ಕೆಲಸವನ್ನು ತಡೆಯುವುದರಿಂದ ನಾಳಗಳು ಸರಿಯಾಗಿ ಹಿಗ್ಗುವುದಿಲ್ಲ. ಆಗ ಅಡಿನೋಸಿನ್ ಕೊಟ್ಟು ಮಾಡುವ ಟೆಕ್ನೀಷಿಯಂ ಸ್ಕ್ಯಾನ್‌ನಲ್ಲಿ ಇರುವ ಕಾಯಿಲೆ ಮರೆಯಾಗಬಹುದು, ಪೆಟ್‌ನಲ್ಲಿ ಇಲ್ಲದ ಕಾಯಿಲೆ ಇದ್ದಂತೆ ತೋರಬಹುದು. ಕಾಫಿ, ಚಹಾ, ಕೋಲಾ, ಚಾಕೊಲೇಟ್ ಎಲ್ಲವನ್ನೂ ಹಿಂದಿನ ದಿನದಿಂದಲೇ ಬಿಡಬೇಕು. ಬೆಳಗ್ಗೆ ಅಭ್ಯಾಸಬಲದಿಂದ ಅರ್ಧ ಲೋಟ ಕುಡಿದಿದ್ದರೂ ಸಂಕೋಚವಿಲ್ಲದೆ ಹೇಳಿ, ಪರೀಕ್ಷೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದು. ಉಬ್ಬಸ ಇರುವವರೂ ಮೊದಲೇ ತಿಳಿಸಿದರೆ ಅಡಿನೋಸಿನ್ ಬದಲು ಬೇರೆ ಔಷಧವನ್ನು ಆರಿಸಲು ಸಾಧ್ಯವಾಗುತ್ತದೆ.