ಫಾನಿಹಿ

ಇದು ಚಮೊರೊ ಭಾಷೆಯ ಪದ. ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳಲ್ಲಿ, ಅಂದರೆ ಗ್ವಾಮ್, ರೋಟಾ, ಸೈಪಾನ್ ಮತ್ತು ಉತ್ತರದ ಜ್ವಾಲಾಮುಖಿ ದ್ವೀಪಗಳಲ್ಲಿ, ಹಣ್ಣು ತಿಂದು ಬದುಕುವ ದೊಡ್ಡ ಬಾವಲಿಯೇ ಫಾನಿಹಿ. ಹುಳ ಹಿಡಿಯುವ ಪುಟ್ಟ ಬಾವಲಿಗೆ ಅಲ್ಲಿ ಬೇರೆಯದೇ ಹೆಸರು: ಪಯೆಸ್ಯೆಸ್. ನಾವಾದರೋ ಹೆಚ್ಚಾಗಿ ಎರಡನ್ನೂ ಬಾವಲಿ ಎಂದು ಒಂದೇ ಕೊಂಬೆಗೆ ನೇತುಹಾಕುತ್ತೇವೆ.

ಪದಕ್ಕೆ ನೆಂಟರು ದೂರದೂರದಲ್ಲಿದ್ದಾರೆ. ಫಿಲಿಪೀನ್ಸ್‌ನ ಟಗಾಲೊಗ್‌ನಲ್ಲಿ ಪನಿಕಿ. ಆಫ್ರಿಕಾದ ಮಗ್ಗುಲಿನ ಮಡಗಾಸ್ಕರ್‌ನಲ್ಲೂ ಹಣ್ಣುಬಾವಲಿ ಫನಿಹಿಯೇ! ದೋಣಿಯಲ್ಲಿ ಸಾಗರ ದಾಟಿದ ಆಸ್ಟ್ರೋನೇಷಿಯನ್ ಜನ ಮಾತನ್ನೂ ಹೊತ್ತೊಯ್ದರು. ಪಕಾರ ಫಕಾರವಾಯಿತು, ಕಕಾರ ಹಕಾರವಾಯಿತು. ಪಾಲನ್ನು ಹಾಲು ಮಾಡಿಕೊಂಡ ಕನ್ನಡಿಗರಿಗೆ ಇದೇನೂ ವಿಚಿತ್ರವಲ್ಲ.

ರೆಕ್ಕೆ ಬಿಚ್ಚಿದರೆ ಸುಮಾರು ಒಂದು ಮೀಟರ್ ಅಗಲ. ನಮ್ಮ ಆಲದ ಮರಗಳಲ್ಲಿ ಜೋತುಬೀಳುವ ದೊಡ್ಡ ಬಾವಲಿಯೂ ಇದೇ ಟೆರೋಪಸ್ ಕುಲದ್ದು. ಜೀಗುಜ್ಜೆ, ಪಪ್ಪಾಯಿ, ಅತ್ತಿಯಂಥ ಹಣ್ಣುಗಳನ್ನು ಅಗಿದು, ರಸ ಹೀರಿ, ನಾರು ಉಗುಳುತ್ತದೆ. ಕಾಡಿನ ಬೀಜ ಬಿತ್ತುವುದು ಹೀಗೇ.

ಚಮೊರೊ ಹಿರಿಯರಿಗೆ ಮಾತ್ರ ಈ ಪದ ಕೇಳಿದರೆ ಬಾಯಲ್ಲಿ ರುಚಿಯೂ ಏಳುತ್ತದೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಫಾನಿಹಿ ಹಬ್ಬದ ಅಡುಗೆ. ಬಂದೂಕು ಬಂದ ಮೇಲೆ ಬೇಟೆ ಸಲೀಸಾಯಿತು; ಬಾವಲಿ ವರ್ಷಕ್ಕೆ ಹೆರುವುದೋ ಒಂದೇ ಮರಿ. 1958ರಲ್ಲಿ ಗ್ವಾಮ್‌ನಲ್ಲಿ ಹೆಚ್ಚೆಂದರೆ 3,000 ಇರಬಹುದೆಂದು ಅಂದಾಜಿಸಿದ್ದರು. 1978ರ ಹೊತ್ತಿಗೆ 50 ಕೂಡ ಉಳಿದಿರಲಿಲ್ಲ. ಊರಿನದು ಸಾಲದಾಗ ಸಮೋವಾ, ಪಲಾವು, ಯಾಪ್ ದ್ವೀಪಗಳಿಂದ ಬಾವಲಿ ತರಿಸಿ ತಿಂದರು. ಅಲ್ಲಿಯ ಮರಗಳೂ ಬರಿದಾಗತೊಡಗಿದವು. 1989ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ ಫಾನಿಹಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬೀಗ ಹಾಕಿತು. ಗ್ವಾಮ್‌ನ ಇನ್ನೊಂದು ಪುಟ್ಟ ಹಣ್ಣುಬಾವಲಿಗೆ ಆ ಅದೃಷ್ಟವೂ ಇರಲಿಲ್ಲ. 1968ರಲ್ಲಿ ಬೇಟೆಗಾರರ ಗುಂಡೇಟಿಗೆ ಬಲಿಯಾದದ್ದೇ ಅದರ ಕೊನೆಯ ಸುದ್ದಿ.

ಬೇಟೆಗಾರರು ಬಿಟ್ಟ ಮರಿಗಳಿಗೆ ಹಾವು ಕಾದಿತ್ತು. ಎರಡನೇ ಮಹಾಯುದ್ಧದ ನಂತರ ಸೇನೆಯ ಸರಕಿನೊಳಗೆ ಅವಿತು ಬಂದಿತೆನ್ನಲಾದ ಕಂದು ಮರಹಾವು ಗ್ವಾಮ್‌ನ ಕಾಡುಹಕ್ಕಿಗಳನ್ನು ಬಹುಪಾಲು ಮುಗಿಸಿತು, ಬಾವಲಿಮರಿಗಳನ್ನೂ ಬಿಡಲಿಲ್ಲ. ಇಂದು ಫಾನಿಹಿಗೆ ರೋಟಾ ಮತ್ತು ಉತ್ತರದ ದ್ವೀಪಗಳೇ ಗಟ್ಟಿ ನೆಲೆ. ಗ್ವಾಮ್‌ನಲ್ಲಿ ಉಳಿದ ಕೆಲವಕ್ಕೆ ಆಸರೆಯಾದದ್ದು ಅಮೆರಿಕದ ಆಂಡರ್ಸನ್ ವಾಯುನೆಲೆಯ ಕಾಡು. ಬೇಟೆಗಾರ ಸುಲಭವಾಗಿ ದಾಟಲಾರದ ಬೇಲಿಯೂ ಸೇನೆಯದೇ.