ಗಾಳಿಗೆ ಹೋದ ಥಿನ್ನರ್ ದೇಶದ ಲೆಕ್ಕಕ್ಕೆ ಹೇಗೆ ಬರುತ್ತದೆ?

ಪ್ರಶ್ನೆ: ಹೊಸೂರಿನಲ್ಲಿ ಬೈಕು, ಆಟೋಗಳಿಗೆ ಪೇಂಟ್ ಹೊಡೆಯುವ ಚಿಕ್ಕ ಶೆಡ್ ನಮ್ಮದು. ನಮ್ಮಲ್ಲಿ ಚಿಮಣಿ ಇಲ್ಲ, ಮೀಟರ್ ಇಲ್ಲ, ಅಳೆಯಲು ಯಾರೂ ಬಂದದ್ದೂ ಇಲ್ಲ. ಹಾಗಿರುವಾಗ ಒಂದು ದೇಶದಲ್ಲಿ ವರ್ಷಕ್ಕೆ ಇಷ್ಟು ಟನ್ ಥಿನ್ನರ್ ಗಾಳಿ ಸೇರಿತು ಎಂದು ಹೇಗೆ ಹೇಳುತ್ತಾರೆ?

ಉತ್ತರ: ಈ ಲೆಕ್ಕ ಶುರುವಾಗುವುದೇ ಖರೀದಿಯ ಬಿಲ್ಲಿನಿಂದ. ಬಣ್ಣವನ್ನು ತೆಳುವಾಗಿ ಹರಡಲು ನೆರವಾಗಿ ತಾನು ಹೊರಟುಹೋಗುವುದೇ ಥಿನ್ನರಿನಂಥ ದ್ರಾವಕದ ಕೆಲಸ. ಗನ್ನಿನಿಂದ ಚಿಮ್ಮಿದ ಬಣ್ಣದಲ್ಲಿ ಒಂದು ಪಾಲು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರುತ್ತದೆ, ಉಳಿದದ್ದು ತೇಲಿಹೋಗಿ ನೆಲಕ್ಕೋ ಗೋಡೆಗೋ ಅಂಟುತ್ತದೆ. ಎಲ್ಲಿ ಕೂತರೂ ಅದರೊಳಗಿನ ಟೊಲುಯೀನ್, ಝೈಲೀನ್, ಅಸಿಟೋನ್ ಆರಿಹೋಗುತ್ತವೆ. ಹಾಗಾಗಿ ಕೊಂಡದ್ದೆಲ್ಲ ಗಾಳಿಗೆ ಹೋಯಿತೆಂದು ಮೊದಲು ಹಿಡಿಯುತ್ತಾರೆ. ಹೋಗದೆ ಉಳಿದದ್ದನ್ನು ಆಮೇಲೆ ಕಳೆಯುತ್ತಾರೆ.

ನಿಮ್ಮಂಥ ಒಂದು ಶೆಡ್ಡನ್ನೇ ತೆಗೆದುಕೊಳ್ಳೋಣ. ತಿಂಗಳಿಗೆ 20 ಕೆಜಿ ಪೇಂಟ್, 20 ಲೀಟರ್ ಥಿನ್ನರ್ ಬರುತ್ತದೆ ಎನ್ನಿ. ಥಿನ್ನರ್ ಆಧಾರದ ಹಳೆಯ ಮಾದರಿಯ ಬಣ್ಣದಲ್ಲಿ ತೂಕದ ಸುಮಾರು ಅರ್ಧ ದ್ರಾವಕವೇ, ಅಂದರೆ 10 ಕೆಜಿ. ಥಿನ್ನರ್ ಲೀಟರಿಗೆ 0.85 ಕೆಜಿ ತೂಗಿದರೆ 17 ಕೆಜಿ. ಒಟ್ಟು 27. ಗನ್ ತೊಳೆದ ಕೊಳಕು ಥಿನ್ನರಿನಲ್ಲಿ 2 ಕೆಜಿ ಮರುಶುದ್ಧಿಗೆ ಹೋಯಿತೆಂದರೆ ಮಿಕ್ಕ 25 ಕೆಜಿ ಗಾಳಿಯ ಖಾತೆಗೆ. ಈ ಆವಿ ವಾತಾವರಣದಲ್ಲಿ ಕಡೆಗೆ ಇಂಗಾಲದ ಡೈಆಕ್ಸೈಡ್ ಆಗುತ್ತದಲ್ಲ, ಅದಕ್ಕೂ ಲೆಕ್ಕವಿದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿ ದ್ರಾವಕದ ತೂಕದಲ್ಲಿ 60% ಇಂಗಾಲವೆಂದು ಹಿಡಿಯಲು ಹೇಳುತ್ತದೆ. 25 ಕೆಜಿಯಲ್ಲಿ 15 ಕೆಜಿ ಇಂಗಾಲ. 12 ತೂಕದ ಇಂಗಾಲ 44 ತೂಕದ ಡೈಆಕ್ಸೈಡ್ ಆಗುವುದರಿಂದ ಅದನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ 55 ಕೆಜಿ ಡೈಆಕ್ಸೈಡ್.

ಆದರೆ ಹವಾಮಾನಕ್ಕಿಂತ ಮೊದಲು ಇದು ಉಸಿರಿನ ವಿಷಯ. ಈ ಆವಿ ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳ ಜೊತೆ ಬಿಸಿಲಿಗೆ ಬಿದ್ದಾಗ ನೆಲಮಟ್ಟದ ಓಝೋನ್ ಹುಟ್ಟುತ್ತದೆ. ನಮ್ಮ ದೇಶದ 2009ರ ವಾಯುಗುಣಮಟ್ಟದ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ. ಓಝೋನ್, ಬೆಂಝೀನ್ ಅದರಲ್ಲಿ ಸೇರಿವೆ, ಟೊಲುಯೀನ್, ಝೈಲೀನ್ ಸೇರಿಲ್ಲ. ಆ ಪಟ್ಟಿ ನೋಡಿ ನಿಮ್ಮ ಶೆಡ್ಡಿನ ಗಾಳಿ ಹೇಗಿದೆ ಎಂದು ಹೇಳಲಾಗದು. ಅಂದಹಾಗೆ, ಮೂಗಿಗೆ ಕಟ್ಟಿಕೊಳ್ಳುವ ಕರ್ಚೀಫು ಬಣ್ಣದ ಧೂಳನ್ನು ಒಂದಿಷ್ಟು ತಡೆದೀತು, ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ದಯವಿಟ್ಟು ಹುಡುಗರಿಗೂ ಕೊಡಿಸಿ.

ಇನ್ನು ಇಡೀ ದೇಶದ ಲೆಕ್ಕ. ಉತ್ಪಾದನೆಗೆ ಆಮದು ಕೂಡಿಸಿ ರಫ್ತು ಕಳೆದರೆ ದೇಶದೊಳಗೆ ಬಳಕೆಯಾದದ್ದು ಸಿಗುತ್ತದೆ. ಕೇಳಲು ಸುಲಭ, ನಿಜವಾದ ತೊಡಕು ಇಲ್ಲೇ ಇರುವುದು. ಝೈಲೀನ್ ಎಂದು ದಾಖಲಾದದ್ದೆಲ್ಲ ಥಿನ್ನರ್ ಡಬ್ಬಕ್ಕೆ ಬರುವುದಿಲ್ಲ. ಅದರ ದೊಡ್ಡ ಪಾಲು ಪ್ಯಾರಾ-ಝೈಲೀನ್ ಆಗಿ ಪಾಲಿಯೆಸ್ಟರ್ ನೂಲಿನ, ನೀರಿನ ಬಾಟಲಿಯ ಕಚ್ಚಾವಸ್ತುವಾಗುತ್ತದೆ. ಮೆಥನಾಲ್ ಫಾರ್ಮಾಲ್ಡಿಹೈಡ್ ಆಗಿ ಪ್ಲೈವುಡ್ ಅಂಟಿಗೆ ಹೋಗುತ್ತದೆ. ಎಥನಾಲ್ ಪೆಟ್ರೋಲಿಗೆ ಬೆರೆಯುತ್ತದೆ. ಇವು ಯಾವುವೂ ಆವಿಯಾಗಿ ಹೋದವಲ್ಲ, ಬೇರೆ ವಸ್ತುವಾದವು ಅಥವಾ ಉರಿದುಹೋದವು. ಇದನ್ನು ಕಳೆಯಲು ಮರೆತರೆ ಅಂಕಿ ಹಲವು ಪಟ್ಟು ಉಬ್ಬುತ್ತದೆ. ಔಷಧ ಕಾರ್ಖಾನೆಗಳದ್ದು ಮತ್ತೊಂದು ಕಥೆ: ಅಲ್ಲಿ ದ್ರಾವಕವನ್ನು ಬಟ್ಟಿ ಇಳಿಸಿ ಮತ್ತೆ ಮತ್ತೆ ಬಳಸುತ್ತಾರೆ. ಟ್ಯಾಂಕಿನಲ್ಲಿ ಸುತ್ತುವ ಪ್ರಮಾಣ ಎಷ್ಟೇ ಇರಲಿ, ಹೊಸದಾಗಿ ತುಂಬಿಸಿದ್ದಷ್ಟನ್ನೇ ನಷ್ಟಕ್ಕೆ ಆಧಾರವಾಗಿ ಹಿಡಿಯಬೇಕು.

ಇಷ್ಟು ವಿವರ ಸಿಗದಿದ್ದಾಗ ಸಿದ್ಧ ಗುಣಕಗಳ, ಅಂದರೆ ಕೆಜಿ ಬಣ್ಣಕ್ಕೆ ಇಷ್ಟು ಆವಿ ಎಂಬ ಅಂಕಿಗಳ, ಮೊರೆಹೋಗುತ್ತಾರೆ. ಇಂಥ ಲೆಕ್ಕಕ್ಕೆಂದೇ ಇರುವ ಯುರೋಪಿನ ಕೈಪಿಡಿಯ ಸರಳ ವಿಧಾನದಲ್ಲಿ ಕಟ್ಟಡದ ಬಣ್ಣಕ್ಕೆ ಕೆಜಿಗೆ 150 ಗ್ರಾಂ, ಕೈಗಾರಿಕೆಯ ಬಣ್ಣಕ್ಕೆ 400 ಗ್ರಾಂ. ನಮ್ಮ ಉದಾಹರಣೆಯ ಶೆಡ್ಡಿಗೆ ಇದನ್ನು ಹಚ್ಚಿ ನೋಡಿ: ಪೇಂಟ್, ಥಿನ್ನರ್ ಎರಡೂ ಸೇರಿ 37 ಕೆಜಿ ಎಂದರೂ 15 ಕೆಜಿ ದಾಟುವುದಿಲ್ಲ, ನಿಜವಾಗಿ ಹೋದದ್ದು 25. ಮನೆಬಳಕೆಯ ವಸ್ತುಗಳಿಗಂತೂ ತಲೆಗೆ ಇಷ್ಟು ಎಂದು ಹಿಡಿದು ಜನಸಂಖ್ಯೆಯಿಂದ ಗುಣಿಸುವುದುಂಟು. ಚಳಿ ದೇಶದಲ್ಲಿ ಕಾರಿನ ಗಾಜು ತೊಳೆಯುವ ನೀರು ಹೆಪ್ಪುಗಟ್ಟದಿರಲೆಂದು ಆಲ್ಕೋಹಾಲ್ ಬೆರೆಸುತ್ತಾರೆ. ಆ ಭಾರವೂ ಅವರ ತಲಾ ಲೆಕ್ಕದಲ್ಲಿ ಕೂತಿರುತ್ತದೆ. ಹೊಸೂರಿನ ಸುತ್ತಲ ತಳಿ ಊರಿನಲ್ಲಾಗಲಿ ಡೆಂಕಣಿಕೋಟೆಯಲ್ಲಾಗಲಿ ಅದರ ಗೊಡವೆ ಇಲ್ಲ. ನಮ್ಮ ಮನೆಗಳಲ್ಲಿರುವುದು ಸೊಳ್ಳೆ ಓಡಿಸುವ ದ್ರವ, ಟ್ರಂಕಿನ ನುಸಿಗುಳಿಗೆ, ಬಾಗಿಲಿಗೆ ಬಳಿಯುವ ಎನಾಮೆಲ್. ಹೊರಗಿನ ಗುಣಕವನ್ನು ಹಾಗೇ ಎತ್ತಿಕೊಳ್ಳುವುದು ತಪ್ಪೆಂದೇ ನನ್ನ ನಿಲುವು.

ಗಡಿಯೂರಿಗೆ ಇನ್ನೊಂದು ಸಮಸ್ಯೆ ಇದೆ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಕೊಂಡ ಥಿನ್ನರ್ ಅತ್ತಿಬೆಲೆ ದಾಟಿ ತಮಿಳುನಾಡಿನ ಹೊಸೂರಿನಲ್ಲಿ ಆವಿಯಾದರೆ ದೇಶದ ಮೊತ್ತಕ್ಕೆ ಏನೂ ವ್ಯತ್ಯಾಸವಿಲ್ಲ. ಜಿಲ್ಲೆಗಳಿಗೆ ಹಂಚುವಾಗ ಮಾತ್ರ ತೊಂದರೆ. ಮಾರಾಟವಾದ ಜಾಗ ನೋಡಿ ಹಂಚಿದರೆ ಅದು ಕರ್ನಾಟಕದ ಪಾಲಾಗುತ್ತದೆ. ಜನಸಂಖ್ಯೆ ನೋಡಿ ಹಂಚಿದರೆ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ವಾಹನ ಕಾರ್ಖಾನೆಗಳೂ ಅವುಗಳ ಸುತ್ತ ಬೆಳೆದ ಪೇಂಟ್ ಶಾಪುಗಳೂ ಲೆಕ್ಕದಿಂದ ಜಾರುತ್ತವೆ; ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆ ಇರುವುದಕ್ಕಿಂತ ಚೊಕ್ಕಟವಾಗಿ ಕಾಣುತ್ತದೆ.

ನಿಮ್ಮ ಜಿಎಸ್‌ಟಿ ಬಿಲ್ಲನ್ನು ಒಮ್ಮೆ ನೋಡಿ. ಸರಕಿನ ವರ್ಗದ ಸಂಖ್ಯೆ ಬರೆಯುವ ಎಚ್‌ಎಸ್‌ಎನ್ ಕಾಲಂನಲ್ಲಿ 3208 ಎಂದಿದ್ದರೆ ದ್ರಾವಕ ಆಧಾರದ ಪೇಂಟ್, 3209 ಎಂದಿದ್ದರೆ ನೀರು ಆಧಾರದ್ದು, 3814 ಎಂದರೆ ಥಿನ್ನರ್. ದೇಶದ ಆಮದು-ರಫ್ತು ದಾಖಲಾಗುವುದೂ ಇದೇ ವರ್ಗಗಳಡಿ. ಬಿಲ್ಲಿನಲ್ಲಿ ಸಿಗದ ಒಂದು ವಿವರವೆಂದರೆ ಗನ್ ತೊಳೆದ ಥಿನ್ನರ್ ಎಲ್ಲಿಗೆ ಹೋಯಿತು ಎಂಬುದು. ಮುಚ್ಚಳವಿರುವ ಡಬ್ಬದಲ್ಲಿ ಅದನ್ನು ಶೇಖರಿಸಿ, ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮುಂದಿನ ಮೊದಲ ತೊಳೆತಕ್ಕೆ ಬಳಸಿ, ಮರುಶುದ್ಧಿಗೆ ಕೊಟ್ಟದ್ದನ್ನು ತೂಗಿ ಪುಸ್ತಕದಲ್ಲಿ ಬರೆದಿಡಿ. ಮೇಲಿನ ಲೆಕ್ಕದಲ್ಲಿ ನಾನು ಉದಾಹರಣೆಗೆಂದು ಹಿಡಿದ ಆ 2 ಕೆಜಿಯ ಜಾಗದಲ್ಲಿ ನಿಮ್ಮದೇ ಅಂಕಿ ಹಾಕಬಹುದು.